ವೇಪ್ ಪೆನ್ನಿನ ಲಿಕ್ವಿಡ್ ಮುಗಿಯುತ್ತಿದೆಯೇ? ಹತ್ತಿ ಸುಡುವ ಮೊದಲೇ ನೋಡಿಕೊಳ್ಳಿ

ಬ್ರಿಟನ್ನಿನಲ್ಲಿದ್ದು ರೀಫಿಲ್ ವೇಪ್ (ಇ-ಸಿಗರೇಟ್) ಬಳಸುವವರಿಗೆ ಇದು. ಅಲ್ಲಿನ ಟ್ಯಾಂಕ್ ಹಿಡಿಸುವುದೇ ಹೆಚ್ಚೆಂದರೆ 2 ಮಿ.ಲೀ., ಬೇಗ ಖಾಲಿಯಾಗುತ್ತದೆ. ಮೊದಲು ರುಚಿ ಸಪ್ಪೆಯಾಗುತ್ತದೆ, ಹೊಗೆ ತೆಳುವಾಗುತ್ತದೆ, ಕೊನೆಗೆ ಗಂಟಲಿಗೆ ಸುಟ್ಟ ಬಟ್ಟೆಯ ಘಾಟು. ಆ ಘಾಟಿನವರೆಗೆ ದಯವಿಟ್ಟು ಕಾಯಬೇಡಿ. ಪೆನ್ ನೆಟ್ಟಗೆ ಹಿಡಿದು ಟ್ಯಾಂಕನ್ನು ಬೆಳಕಿಗೆ ಒಡ್ಡಿ: ಲಿಕ್ವಿಡ್ ಕಾಯಿಸುವ ಕಾಯಿಲ್‌ನ ಪಕ್ಕದ ಸಣ್ಣ ತೂತುಗಳಲ್ಲಿ ಅದನ್ನು ಹೀರಿಕೊಳ್ಳುವ ಬಿಳಿ ಹತ್ತಿ ಕಾಣುತ್ತದೆ. ಲಿಕ್ವಿಡ್ ಆ ತೂತಿನ ಮಟ್ಟಕ್ಕೆ ಇಳಿದರೆ ತುಂಬಿಸಿಬಿಡಿ. ಒಣಗಿದ ಹತ್ತಿಯಲ್ಲೇ ಎಳೆದರೆ ಅದು ಕರಕಲಾಗುತ್ತದೆ, ಫಾರ್ಮಾಲ್ಡಿಹೈಡ್‌ನಂಥ ವಿಷವೂ ಒಳಗೆ ಹೋಗುತ್ತದೆ. ಆಮೇಲೆ ಎಷ್ಟು ತುಂಬಿಸಿದರೂ ಘಾಟು ಹೋಗುವುದಿಲ್ಲ, ಕಾಯಿಲ್ ಬದಲಿಸಲೇಬೇಕು. ಹೊಸ ಕಾಯಿಲ್ ಹಾಕಿದಾಗ ಲಿಕ್ವಿಡ್ ತುಂಬಿಸಿ, ಹತ್ತಿಯನ್ನು 10 ನಿಮಿಷ ನೆನೆಯಲು ಬಿಡಿ.

ಲೈಟ್ ಮಿನುಗಿದರೆ ಸಾಮಾನ್ಯವಾಗಿ ಖಾಲಿಯಾಗಿರುವುದು ಬ್ಯಾಟರಿ, ಲಿಕ್ವಿಡ್ ಅಲ್ಲ.

ಚಳಿಗಾಲದಲ್ಲಿ ಇನ್ನೊಂದು ತೊಂದರೆ. ಗ್ಲಿಸರಿನ್ ಹೆಚ್ಚಿರುವ ಲಿಕ್ವಿಡ್ ಜೇನಿನಂತೆ ಮಂದವಾಗಿ, ಟ್ಯಾಂಕ್ ತುಂಬಿದ್ದರೂ ಹತ್ತಿಗೆ ಇಳಿಯುವುದಿಲ್ಲ. ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಿ, ಒಂದು ದಮ್ಮಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ಬಿಡಿ. ತುಂಬಿಸುವಾಗ ಕೈಗೆ ತಾಗಿದ ನಿಕೋಟಿನ್ ತಕ್ಷಣ ತೊಳೆದುಕೊಳ್ಳಿ, ಬಾಟಲಿ ಮಕ್ಕಳ ಕೈಗೆ ಸಿಗದಿರಲಿ.

ಊರಿಗೆ ಬರುವಾಗ ವೇಪ್ ಬ್ಯಾಗಿನಲ್ಲಿ ತರಬೇಡಿ. ಭಾರತದಲ್ಲಿ 2019ರಿಂದ ಇದರ ಆಮದು, ಮಾರಾಟ ಎರಡೂ ನಿಷಿದ್ಧ.