ಬಸವಣ್ಣನವರ ಬೆಳ್ಳಿ ನಾಣ್ಯ ಕೊಳ್ಳುತ್ತೀರಾ? ಮೊದಲು ತೂಗಿ, ಆಮೇಲೆ ಬೆಳಗಬೇಡಿ

ನಮ್ಮ ಬಸವನಬಾಗೇವಾಡಿಯಲ್ಲಿ ಈ ನಾಣ್ಯ ಮನೆಯಲ್ಲಿ ಇರಲಿ ಅನ್ನುವವರು ಜಾಸ್ತಿ. ಬಸವಣ್ಣ ಹುಟ್ಟಿದ ಊರು, ಅಲ್ವಾ? ವಚನಕಾರರ ಹೆಸರಲ್ಲಿ ಸರ್ಕಾರ 2006ರಲ್ಲಿ ಎರಡು ನಾಣ್ಯ ತಂದಿತು. ಐದು ರೂಪಾಯಿಯದು ಬೆಳ್ಳಿಯಲ್ಲ. ಬೆಳ್ಳಿ ಇರುವುದು ನೂರು ರೂಪಾಯಿಯದರಲ್ಲಿ. ಅದರಲ್ಲೂ ಅರ್ಧ ಮಾತ್ರ. ನೂರು ಪಾಲಿನಲ್ಲಿ 40 ತಾಮ್ರ, 5 ನಿಕ್ಕಲ್, 5 ಸತು. ‘ಪೂರ್ತಿ ಬೆಳ್ಳಿ’ ಅಂತ ಯಾರಾದರೂ ಹೇಳಿದರೆ ದುಡ್ಡು ತೆಗೆಯಬೇಡಿ.

ತೂಕ 35 ಗ್ರಾಂ, ಅಗಲ 44 ಮಿ.ಮೀ. ಹಳೇ ಲೆಕ್ಕದಲ್ಲಿ ಸರಿಯಾಗಿ ಮೂರು ತೊಲೆ. ಸರಾಫ ಅಂಗಡಿಯಲ್ಲಿ ತೂಗಿಸಿ. ಅಯಸ್ಕಾಂತ ಹಿಡಿಯಿರಿ, ಅಂಟಬಾರದು.

ಇಷ್ಟಾದರೂ ಅನುಮಾನ ಉಳಿದರೆ ನೀರಿನ ಪರೀಕ್ಷೆ ಇದೆ. ತಕ್ಕಡಿ ಗ್ರಾಮಿನ ನೂರನೇ ಪಾಲು ತೋರಿಸುವಂಥದ್ದಿರಲಿ. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಮೆತ್ತನೆಯ ದಾರ ಕಟ್ಟಿ ಮುಳುಗಿಸಿ, ತಳ ಮುಟ್ಟಬಾರದು. ತಕ್ಕಡಿಯಲ್ಲಿ 3.7 ಗ್ರಾಂ ಆಸುಪಾಸು ಬರಬೇಕು, ಅದು ನಾಣ್ಯ ಸರಿಸಿದ ನೀರಿನ ತೂಕ. ಅದೇ ತೂಕದ ತಾಮ್ರ-ನಿಕ್ಕಲ್ ನಕಲಿಯಾದರೆ 3.9 ದಾಟುತ್ತದೆ. ನಮ್ಮ ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಬೀಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ, ಆಸಿಡ್ ಅಲ್ಲ. ಕನ್ನಡಿಯಂತೆ ಹೊಳೆಯುವ ‘ಪ್ರೂಫ್’ ನಾಣ್ಯ ಡಬ್ಬಿಯಲ್ಲಿದ್ದರೆ ಮಾತ್ರ ಈ ಪರೀಕ್ಷೆ ಮಾಡಬೇಡಿ, ಗೀರು ಬೀಳುತ್ತದೆ. 2011ರ ರವೀಂದ್ರನಾಥ ಟ್ಯಾಗೋರರ 150 ರೂಪಾಯಿ ನಾಣ್ಯಕ್ಕೂ ತೂಕದ, ನೀರಿನ ಲೆಕ್ಕ ಇದೇ.

ಇನ್ನು ಬೆಳಗುವ ವಿಷಯ. ನಾನು ಮೊದಲ ನಾಣ್ಯ ತಂದಾಗ ಅವ್ವ ಪ್ರೀತಿಯಿಂದ ವಿಭೂತಿ ಹಾಕಿ ತಿಕ್ಕಿದಳು. ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಬೆಳಗಿದ ಹಾಗೆಯೇ. ಫಳಫಳ ಅಂತು, ಆದರೆ ಬಸವಣ್ಣನವರ ಮುಖದ ಮೇಲೆಲ್ಲ ಸಣ್ಣ ಗೆರೆ. ಅವು ಇವತ್ತಿಗೂ ಹೋಗಿಲ್ಲ. ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಕಪ್ಪಾದರೆ ಆಗಲಿ, ಬಿಡಿ. ಹುಣಸೆಹಣ್ಣು, ಪೇಸ್ಟ್ ಏನೂ ಬೇಡ.

ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ರಬ್ಬರ್ ಬ್ಯಾಂಡ್, ಪೇಪರ್ ಸುತ್ತಿದರೆ ಬೇಗ ಕಪ್ಪಾಗುತ್ತದೆ. ಮೆತ್ತನೆಯ ಪಿವಿಸಿ ಕವರಿನಲ್ಲಿಟ್ಟರೆ ತಾಮ್ರ ಹಸಿರು ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ನಾಣ್ಯದ ಡಬ್ಬಿ ತಗೊಳ್ಳಿ, ಜೊತೆಗೊಂದು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಹಿಡಿಯುವಾಗ ಅಂಚು ಮಾತ್ರ ಹಿಡಿಯಿರಿ.

ಬಸವ ಜಯಂತಿ ದಿನ ನಾವು ಡಬ್ಬಿ ಸಮೇತ ಜಗಲಿ ಮೇಲೆ ಇಡುತ್ತೇವೆ. ವಿಭೂತಿಯನ್ನು ಫೋಟೊಗೆ ಹಚ್ಚುತ್ತಾಳೆ ಅವ್ವ.