ಮೊದಲ ಮೂಟ್‌ಗೆ ತಯಾರಿ: ಭಾಷಣ ಬಾಯಿಪಾಠ ಮಾಡಬೇಡಿ

ಮೂಟ್‌ಗೆ, ಅಂದರೆ ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯದ ಸ್ಪರ್ಧೆಗೆ, ಟೀಮ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಚೆನ್ನಾಗಿ ಮಾತಾಡುವವರನ್ನು ಹುಡುಕುತ್ತಾರೆ. ಚರ್ಚಾಸ್ಪರ್ಧೆ ಗೆದ್ದವರು, ಕಾಲೇಜ್ ಡೇ ನಿರೂಪಣೆ ಮಾಡಿದವರು, ಇಂಗ್ಲಿಷ್ ಸರಾಗವಾಗಿ ಬರುವವರು. ಎಡವಟ್ಟು ಶುರುವಾಗುವುದು ಅಲ್ಲೇ. ನೀವು ಎರಡು ವಾಕ್ಯ ಮುಗಿಸುವಷ್ಟರಲ್ಲಿ ಜಡ್ಜ್ ತಡೆದು ಪ್ರಶ್ನೆ ಕೇಳುತ್ತಾರೆ, ಅಲ್ಲಿಂದ ಮುಂದೆ ಬಾಯಿಪಾಠ ಮಾಡಿದ್ದು ಯಾವುದೂ ಉಪಯೋಗಕ್ಕೆ ಬರಲ್ಲ. ಟೀಮ್ ಕಟ್ಟುವುದರಿಂದ ಹಿಡಿದು ಎಲ್ಲ ತಯಾರಿಯೂ ಆ ಪ್ರಶ್ನೆಗಳಿಗಾಗಿಯೇ ಇರಬೇಕು.

ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಮೂಟ್ ಕೋರ್ಟ್ ಒಂದು ಕಡ್ಡಾಯ ಪೇಪರ್‌ನ ಭಾಗ. ಮೂರು ಮೂಟ್, ತಲಾ 10 ಅಂಕ. ಎಷ್ಟೋ ಕಡೆ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದು ಸಹಿ ಹಾಕಿಸಿಕೊಂಡರೆ ಅದು ಮುಗಿಯುತ್ತದೆ. ನಾನು ಹೇಳುತ್ತಿರುವುದು ಬೇರೆ ಕಾಲೇಜಿಗೆ ಹೋಗಿ ವಾದ ಮಾಡುವ ಸ್ಪರ್ಧೆಯ ಬಗ್ಗೆ.

ಸಾಮಾನ್ಯವಾಗಿ ಟೀಮ್‌ನಲ್ಲಿ ಮೂವರು. ಇಬ್ಬರು ಸ್ಪೀಕರ್, ಒಬ್ಬರು ರಿಸರ್ಚರ್. ಮಾತು ಬಾರದವರನ್ನು ರಿಸರ್ಚರ್ ಮಾಡುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಿ. ಫೈಲ್‌ನಲ್ಲಿ ಯಾವ ತೀರ್ಪು ಎಲ್ಲಿದೆ, ಎಷ್ಟನೇ ಪ್ಯಾರಾ ಅಂತ ತಕ್ಷಣ ಹೇಳಬಲ್ಲವರು ಬೇಕು. ಇಡೀ ಟೀಮ್‌ನಲ್ಲಿ ಜಾಸ್ತಿ ಓದಿದವರು ಅವರೇ ಆಗಿರಬೇಕು.

ಪ್ರಾಪೊಸಿಷನ್, ಅಂದರೆ ವಾದಿಸಬೇಕಾದ ಕಾಲ್ಪನಿಕ ಕೇಸ್, ಕೈಗೆ ಬಂದ ಮೇಲೆ ಎಲ್ಲರೂ ಮಾಡುವ ಕೆಲಸ ಗೂಗಲ್‌ನಲ್ಲಿ ತೀರ್ಪು ಹುಡುಕುವುದು. ಸ್ವಲ್ಪ ತಡೆಯಿರಿ. ಮೊದಲು ಪೆನ್ ಹಿಡಿದು ತಾರೀಖುಗಳ ಪಟ್ಟಿ ಬರೆಯಿರಿ. ಕ್ರಿಮಿನಲ್ ಪ್ರಾಪೊಸಿಷನ್ ಆದರಂತೂ ತಾರೀಖೇ ಜೀವ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಕೊಲೆ ಜೂನ್‌ನಲ್ಲಿ ಆಗಿದ್ದರೆ ಹಳೆಯ ಐಪಿಸಿ 302, ಆಗಸ್ಟ್‌ನಲ್ಲಿ ಆಗಿದ್ದರೆ ಹೊಸ ಸಂಹಿತೆಯ 103. ಪ್ರಾಪೊಸಿಷನ್ ಬರೆದವರು ಬೇಕಂತಲೇ ಇಂಥ ಗುಂಡಿ ತೋಡಿಟ್ಟಿರುತ್ತಾರೆ. ಆಮೇಲೆ ಯಾವ ಕೋರ್ಟ್ ಮುಂದೆ ನಿಂತಿದ್ದೀರಿ ನೋಡಿ. ಸುಪ್ರೀಂ ಕೋರ್ಟ್ ಅಂದರೆ ಸಂವಿಧಾನದ 32ನೇ ವಿಧಿಯಡಿ ಮೂಲಭೂತ ಹಕ್ಕಿಗಾಗಿ ನೇರವಾಗಿ ಬಂದಿದ್ದೀರಾ, 136ರಡಿ ಮೇಲ್ಮನವಿಗೆ ವಿಶೇಷ ಅನುಮತಿ ಕೇಳುತ್ತಿದ್ದೀರಾ? ಹೈಕೋರ್ಟ್‌ಗೆ 226ರಡಿ ಯಾಕೆ ಹೋಗಲಿಲ್ಲ? ಈ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಳ್ಳಿ. ಇನ್ನೊಂದು ಮಾತು: ಪ್ರಾಪೊಸಿಷನ್‌ನಲ್ಲಿ ಇಲ್ಲದ ಸಂಗತಿಯನ್ನು ನೀವಾಗಿ ಸೇರಿಸಬೇಡಿ. ಅಸ್ಪಷ್ಟವಾಗಿದ್ದರೆ ಸ್ಪಷ್ಟೀಕರಣ ಕೇಳಲು ಆಯೋಜಕರು ಕೊನೆ ದಿನ ಕೊಟ್ಟಿರುತ್ತಾರೆ, ಅಷ್ಟರೊಳಗೆ ಕೇಳಿಬಿಡಿ.

ರಿಸರ್ಚ್‌ಗೆ ಎಸ್‌ಸಿಸಿ ಆನ್‌ಲೈನ್ ಅಥವಾ ಮನುಪಾತ್ರದಂಥ, ದುಡ್ಡು ಕಟ್ಟಿ ತೀರ್ಪು ಹುಡುಕುವ ತಾಣ ಕಾಲೇಜಿನಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಳುತ್ತಾ ಕೂರಬೇಕಿಲ್ಲ. ಇಂಡಿಯನ್ ಕಾನೂನ್ ವೆಬ್‌ಸೈಟ್ ಉಚಿತ. ಸುಪ್ರೀಂ ಕೋರ್ಟ್ 2023ರಲ್ಲಿ ಶುರು ಮಾಡಿದ ಇ-ಎಸ್‌ಸಿಆರ್‌ನಲ್ಲಿ ಅಧಿಕೃತ ವರದಿಗಳೇ ಸಿಗುತ್ತವೆ, ಅದೂ ಉಚಿತ. ಎಐ ಚಾಟ್‌ಬಾಟ್ ಕೇಳಿ ತೀರ್ಪಿನ ಹೆಸರು ಹಾಕುವವರಿಗೆ ಒಂದು ಸುದ್ದಿ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಇಲ್ಲದ ತೀರ್ಪುಗಳ ಉಲ್ಲೇಖ ಇತ್ತು, ಆಮೇಲೆ ಆ ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ಮೂಟ್ ಜಡ್ಜ್‌ಗಳಿಗೂ ಇದೆಲ್ಲ ಗೊತ್ತು, ಅನುಮಾನ ಬಂದರೆ ಅಲ್ಲೇ ಮೊಬೈಲ್ ತೆಗೆದು ಹುಡುಕುತ್ತಾರೆ. ಪೂರ್ತಿ ತೆರೆದು ಓದದ ತೀರ್ಪನ್ನು ಮೆಮೋರಿಯಲ್‌ಗೆ, ಅಂದರೆ ಲಿಖಿತ ವಾದಕ್ಕೆ, ಹಾಕಲೇಬೇಡಿ.

ಮೆಮೋರಿಯಲ್ ವಿಷಯದಲ್ಲಿ ಜಾಸ್ತಿ ಹೇಳಲ್ಲ. ರೂಲ್‌ಬುಕ್ ಹೇಳಿದ ಫಾಂಟ್, ಪುಟ ಮಿತಿ, ಅಡಿಟಿಪ್ಪಣಿಯ ಶೈಲಿ ಹಾಗೇ ಪಾಲಿಸಿ, ಸುಮ್ನೆ ಪೆನಾಲ್ಟಿ ಅಂಕ ಕಳೆದುಕೊಳ್ಳಬೇಡಿ. ಕಾಲೇಜಿನ ಹೆಸರು ಎಲ್ಲೂ ಇರಬಾರದು, ಟೀಮ್ ಕೋಡ್ ಮಾತ್ರ. ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಲ್ಯಾಪ್‌ಟಾಪ್ ಮಾಲೀಕರ ಹೆಸರು ಕೂತಿರುತ್ತದೆ, ಅದನ್ನೂ ಅಳಿಸಿ. ಮತ್ತೆ, ಎರಡೂ ಕಡೆಯ ಮೆಮೋರಿಯಲ್ ಒಬ್ಬರೇ ಬರೆಯಬೇಡಿ. ಅರ್ಜಿದಾರರ ಪರ ಒಬ್ಬರು, ಎದುರು ಪಕ್ಷದ ಪರ ಇನ್ನೊಬ್ಬರು ಬರೆದು, ಆಮೇಲೆ ಅದಲು ಬದಲು ಮಾಡಿಕೊಂಡು ಒಬ್ಬರ ವಾದದ ತಪ್ಪನ್ನು ಇನ್ನೊಬ್ಬರು ಹುಡುಕಬೇಕು. ಜಡ್ಜ್ ಕೇಳುವ ಅರ್ಧ ಪ್ರಶ್ನೆ ಅಲ್ಲೇ ಸಿಗುತ್ತವೆ.

ಈಗ ವಾದ. ಸರ್ಕಾರ ಊರಿನ ತುಂಬ ಮುಖ ಗುರುತಿಸುವ ಕ್ಯಾಮೆರಾ ಹಾಕಿದೆ, ನೀವು ಅರ್ಜಿದಾರರ ಪರ ಅಂತ ಇಟ್ಟುಕೊಳ್ಳಿ. ಖಾಸಗಿತನ ಮೂಲಭೂತ ಹಕ್ಕು ಅಂದ ಪುಟ್ಟಸ್ವಾಮಿ ತೀರ್ಪು, 2017 ಅಂತೀರಿ. ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಯೇ ಹಾಕಿದ್ದ ಕೇಸ್ ಅದು. ಜಡ್ಜ್ ತಕ್ಷಣ ಕೇಳಬಹುದು: ಎಷ್ಟು ಜನರ ಪೀಠ? ಒಂಬತ್ತು. ಒಂಬತ್ತೇ ಯಾಕೆ? ಇಲ್ಲಿ ತುಂಬ ಜನ ಪೆಚ್ಚಾಗುತ್ತಾರೆ. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳು ಖಾಸಗಿತನದ ಹಕ್ಕಿಗೆ ವಿರುದ್ಧವಾದ ಮಾತು ಹೇಳಿದ್ದರು. ಅದನ್ನು ದಾಟಲು ಅದಕ್ಕಿಂತ ದೊಡ್ಡ ಪೀಠವೇ ಬೇಕಿತ್ತು. ಇಷ್ಟು ಹೇಳಿದರೆ ನೀವು ಹೆಡ್‌ನೋಟ್ (ತೀರ್ಪಿನ ಮೇಲಿರುವ ಸಾರಾಂಶ) ದಾಟಿ ಓದಿದ್ದೀರಿ ಅಂತ ಬೆಂಚಿಗೆ ಗೊತ್ತಾಗುತ್ತದೆ. ಹೀಗಾಗಿ ನೀವು ನೆಚ್ಚಿಕೊಂಡ ಪ್ರತಿ ತೀರ್ಪಿಗೂ ಸಂಗತಿ, ಪೀಠದ ಸಂಖ್ಯೆ, ಮುಖ್ಯ ತತ್ವ, ಈಗಲೂ ಊರ್ಜಿತವೇ, ನಿಮ್ಮ ಕೇಸ್‌ಗಿಂತ ಎಲ್ಲಿ ಬೇರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮುಂದಿನ ಪ್ರಶ್ನೆ: "ಹಾಗಾದರೆ ಸರ್ಕಾರ ಎಲ್ಲೂ ಕ್ಯಾಮೆರಾ ಹಾಕಲೇಬಾರದು ಅಂತೀರಾ?" ಇದಕ್ಕೆ ಮೊದಲ ಪದ ಹೌದು ಅಥವಾ ಇಲ್ಲ ಆಗಿರಬೇಕು. "ಇಲ್ಲ, ಹಾಕಬಹುದು. ಆದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶ ಇರಬೇಕು, ಕ್ರಮ ಆ ಉದ್ದೇಶಕ್ಕೆ ಮೀರಿದ್ದಾಗಿರಬಾರದು. ಇಲ್ಲಿ ಮೊದಲನೆಯದೇ ಇಲ್ಲ, ಕೇವಲ ಸುತ್ತೋಲೆ ಇದೆ." ಅಷ್ಟೇ. ಹೀಗೆ ಸ್ವಲ್ಪ ಬಿಟ್ಟುಕೊಟ್ಟರೆ ಸೋತ ಹಾಗಲ್ಲ, ಉಳಿದ ವಾದ ಗಟ್ಟಿಯಾಗುತ್ತದೆ. "ಆ ವಿಷಯಕ್ಕೆ ಆಮೇಲೆ ಬರುತ್ತೇನೆ" ಅಂತ ಮಾತ್ರ ಹೇಳಬೇಡಿ, ಜಡ್ಜ್‌ಗೆ ಉತ್ತರ ಈಗಲೇ ಬೇಕು. ಜೊತೆಗಾರರು ವಾದಿಸಬೇಕಾದ ಇಶ್ಯೂ (ಕಾನೂನಿನ ಪ್ರಶ್ನೆ) ಆಗಿದ್ದರೂ ಎರಡು ಸಾಲಿನ ಉತ್ತರ ಕೊಟ್ಟು, ವಿವರ ಅವರು ಹೇಳುತ್ತಾರೆ ಅನ್ನಿ. ಗೊತ್ತೇ ಇಲ್ಲದಿದ್ದರೆ ಆ ಅಂಶದಲ್ಲಿ ನೆರವಾಗಲು ಆಗುತ್ತಿಲ್ಲ ಅಂತ ಒಪ್ಪಿಕೊಂಡು ಮುಂದೆ ಹೋಗಿ. ಸುಳ್ಳು ಹೆಣೆದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಇಂಗ್ಲಿಷ್ ಬಗ್ಗೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದೇ ದೊಡ್ಡ ಭಯ, ಅಲ್ವಾ? ಪೀಠದ ಮೇಲೆ ಕೂತವರು ಬಹುಪಾಲು ವಕೀಲರು. ಅವರಿಗೆ ಬೇಕಿರುವುದು ಚಿಕ್ಕ, ನೇರ ವಾಕ್ಯ. ನಿಧಾನವಾಗಿ ಮಾತಾಡಿ. ವಾದದ ಮೊದಲ ನಾಲ್ಕೈದು ವಾಕ್ಯ, ಅಂದರೆ ಯಾರ ಪರ, ಎಷ್ಟು ಇಶ್ಯೂ, ಯಾರಿಗೆ ಎಷ್ಟು ನಿಮಿಷ ಅನ್ನುವುದನ್ನು ಮಾತ್ರ ಚೆನ್ನಾಗಿ ರೂಢಿ ಮಾಡಿಕೊಳ್ಳಿ. ಮನೆಯಲ್ಲಿ ಇಡೀ ವಾದವನ್ನು ಮೊದಲು ಕನ್ನಡದಲ್ಲೇ ಯಾರಿಗಾದರೂ ವಿವರಿಸಿ. ಕನ್ನಡದಲ್ಲೂ ತೊದಲಿದರೆ ತೊಂದರೆ ಇರುವುದು ವಾದದಲ್ಲಿ.

ಜಡ್ಜ್‌ರನ್ನು ಏನಂತ ಕರೆಯಬೇಕು? ಇದೊಂದು ತಮಾಷೆಯ ಗೊಂದಲ. ಬಾರ್ ಕೌನ್ಸಿಲ್ 2006ರಲ್ಲೇ ಯುವರ್ ಆನರ್ ಸಾಕು ಅಂದಿತ್ತು. 2021ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ ಸುಪ್ರೀಂ ಕೋರ್ಟ್‌ನಲ್ಲಿ ಹಾಗೆ ಕರೆದಾಗ ಆಗಿನ ಮುಖ್ಯ ನ್ಯಾಯಮೂರ್ತಿ ಬೊಬ್ಡೆ ಆಕ್ಷೇಪಿಸಿದರು. ಅದೇ ವರ್ಷ ನಮ್ಮ ಹೈಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಮೈ ಲಾರ್ಡ್ ಅನ್ನಬೇಡಿ ಅಂತ ವಕೀಲರನ್ನು ಕೇಳಿಕೊಂಡರು! ಮೂಟ್‌ನಲ್ಲಿ ಆಯೋಜಕರು ಹೇಳಿದ ಹಾಗೆ ಕರೆಯಿರಿ, ಏನೂ ಹೇಳದಿದ್ದರೆ ಯುವರ್ ಲಾರ್ಡ್‌ಶಿಪ್, ಮಹಿಳೆಯರಿಗೆ ಯುವರ್ ಲೇಡಿಶಿಪ್. ಕಪ್ಪು ಬಿಳುಪು ಉಡುಪು ಸಾಕು. ಬ್ಯಾಂಡ್, ಗೌನ್ ಎನ್‌ರೋಲ್ ಆದ ವಕೀಲರಿಗೆ.

ಅಭ್ಯಾಸಕ್ಕೆ ಸೀನಿಯರ್‌ಗಳನ್ನೋ ಪರಿಚಯದ ವಕೀಲರನ್ನೋ ಪೀಠದ ಮೇಲೆ ಕೂರಿಸಿ, ಗಡಿಯಾರ ಇಟ್ಟು, ಬೇಕಂತಲೇ ಅಡ್ಡಡ್ಡ ಪ್ರಶ್ನೆ ಕೇಳಿಸಿಕೊಳ್ಳಿ. ಸುಪ್ರೀಂ ಕೋರ್ಟ್ 2022ರಿಂದ ಸಂವಿಧಾನ ಪೀಠದ ವಿಚಾರಣೆಗಳನ್ನು ನೇರ ಪ್ರಸಾರ ಮಾಡುತ್ತಿದೆ. 370ನೇ ವಿಧಿಯ ವಿಚಾರಣೆಯ ಒಂದು ಗಂಟೆ ನೋಡಿದರೂ ಸಾಕು, ದೊಡ್ಡ ದೊಡ್ಡ ವಕೀಲರು ಪ್ರಶ್ನೆ ಬಂದಾಗ ಹೇಗೆ ನಿಲ್ಲಿಸುತ್ತಾರೆ, ಹೇಗೆ ತಿರುಗಿ ತಮ್ಮ ವಾದಕ್ಕೆ ಬರುತ್ತಾರೆ ಗೊತ್ತಾಗುತ್ತದೆ.

ಮೊದಲ ಸಲಕ್ಕೇ ಜೆಸಪ್ ಕನಸು ಬೇಡ. 1960ರಿಂದ ನಡೆಯುತ್ತಿರುವ ಆ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1999ರಲ್ಲಿ ಮತ್ತು 2013ರಲ್ಲಿ ಗೆದ್ದಿದೆ, ನಿಜ, ಆದರೆ ಅದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ಕಾಲೇಜಿನ ಒಳಗಿನ ಮೂಟ್, ಆಮೇಲೆ ರಾಜ್ಯದೊಳಗಿನ ಒಂದೆರಡು, ಹೀಗೆ ಹೋಗಿ. ನೋಂದಣಿ ಶುಲ್ಕ, ಪ್ರಯಾಣ, ಮೆಮೋರಿಯಲ್ ಪ್ರಿಂಟ್ ಸೇರಿ ಖರ್ಚು ಬೇಗ ಏರುತ್ತದೆ, ಹಾಗಾಗಿ ಕಾಲೇಜು ಎಷ್ಟು ಭರಿಸುತ್ತದೆ ಅಂತ ಪ್ರಿನ್ಸಿಪಾಲರಿಗೆ ಪತ್ರ ಬರೆದು ಹೆಸರು ಕೊಡುವ ಮೊದಲೇ ಕೇಳಿ. ಸ್ಪರ್ಧೆ ಮುಗಿದ ಮೇಲೆ ಸ್ಕೋರ್‌ಶೀಟ್ ಕೇಳಿ ಪಡೆಯಿರಿ. ಕೆಲವರು ಕೊಡಲ್ಲ, ಆದರೂ ಒಂದು ಇಮೇಲ್ ಹಾಕಿ. ಮೆಮೋರಿಯಲ್‌ನಲ್ಲಿ ಕಳೆದುಕೊಂಡಿರಾ, ವಾದದಲ್ಲಾ ಅನ್ನುವುದು ಅದರಲ್ಲೇ ಗೊತ್ತಾಗುವುದು.