ಲೈಸಿಯಂನಲ್ಲಿ ದಾರಿ ಪಕ್ಕದ ಸೀಟು

ಲಂಡನ್ನಿನ ಲೈಸಿಯಂ ಥಿಯೇಟರ್‌ನಲ್ಲಿ 'ದಿ ಲಯನ್ ಕಿಂಗ್' ಅನ್ನೋ ಹಾಡು-ಕುಣಿತದ ನಾಟಕ ನೋಡೋಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಾನು, ನನ್ನ ಗಂಡ ಇಬ್ಬರೇ. ಎರಡನೇ ಸಲ ಆರು ವರ್ಷದ ಮಗಳು, ಊರಿಂದ ಬಂದಿದ್ದ ಅಮ್ಮ ಜೊತೆಗಿದ್ದರು. ಅದೇ ನಾಟಕ, ಅದೇ ಕಟ್ಟಡ. ಕೂತ ಜಾಗ ಬೇರೆಯಾಗಿತ್ತು, ಅಷ್ಟಕ್ಕೇ ಎಲ್ಲ ಬದಲಾಗಿಹೋಯಿತು.

ಮೊದಲ ಸಲ ಹುಡುಕಿದಾಗ ಮೇಲೆ ಬಂದ ಯಾವುದೋ ಮರುಮಾರಾಟದ ಸೈಟಿನಲ್ಲಿ ಟಿಕೆಟ್ ಕೊಂಡಿದ್ದೆ. ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ಶುಲ್ಕ ಅಂತ ಇನ್ನಷ್ಟು ಸೇರಿಸಿದರು. ಮುಂದಿನ ಕಂಬಿ ಅಡ್ಡ ಬರುತ್ತೆ ಅನ್ನೋದನ್ನ ಮಾತ್ರ ಎಲ್ಲೂ ಹೇಳಿರಲಿಲ್ಲ. ಸೀಟು ಎಲ್ಲಕ್ಕಿಂತ ಮೇಲಿನ ಗ್ರ್ಯಾಂಡ್ ಸರ್ಕಲ್‌ನಲ್ಲಿ. ಹತ್ತುತ್ತಾ ಹೋದರೆ ಮೆಟ್ಟಿಲು ಮುಗಿಯೋದೇ ಇಲ್ಲ. ನಾಟಕ ಶುರುವಾಯಿತು, ಝುಲು ಭಾಷೆಯ ಆ ಮೊದಲ ಕೂಗು ಕೇಳಿಸಿತು. ಕೆಳಗೆ ಕೂತವರೆಲ್ಲ ಹಿಂದಕ್ಕೆ ತಿರುಗಿ ಏನನ್ನೋ ನೋಡ್ತಿದ್ದಾರೆ, ಮಕ್ಕಳು ಕಿರುಚ್ತಿದ್ದಾರೆ. ನಮಗೆ ಏನೂ ಕಾಣಲಿಲ್ಲ. ಪ್ರಾಣಿಗಳು ಜನರ ಮಧ್ಯದ ದಾರಿಯಲ್ಲೇ ನಡೆದು ವೇದಿಕೆಗೆ ಹೋಗುತ್ತವೆ ಅಂತ ನನಗೆ ಗೊತ್ತಾಗಿದ್ದು ಅವು ವೇದಿಕೆ ಹತ್ತಿದ ಮೇಲೆ.

ಹಾಗಾಗಿ ಮಗಳನ್ನು ಕರೆದುಕೊಂಡು ಹೋಗುವಾಗ ಥಿಯೇಟರಿನ ಸ್ವಂತ ಸೈಟಿಗೇ ಹೋದೆ. ನೆಲಮಟ್ಟದ ಸ್ಟಾಲ್ಸ್‌ನಲ್ಲಿ, ಓಡಾಡುವ ದಾರಿಗೆ ಅಂಟಿಕೊಂಡ ಸೀಟುಗಳನ್ನೇ ಹುಡುಕಿದೆ. ಅದಕ್ಕಾಗಿ ಮೂರು ವಾರ ಕಾದಿದ್ದೂ ಆಯಿತು. ರಾತ್ರಿಯ ಆಟ ಬೇಡ ಅಂತ ಮಧ್ಯಾಹ್ನದ್ದೇ ತಗೊಂಡೆ. ಇಂಟರ್ವಲ್ ಸೇರಿ ಎರಡೂವರೆ ಗಂಟೆ ಆಗುತ್ತೆ, ಚಿಕ್ಕವರಿಗೆ ಅದು ಕಡಿಮೆ ಹೊತ್ತಲ್ಲ.

ಮನೆಯಲ್ಲೇ ಮಗಳಿಗೆ ಒಂದು ವಿಷಯ ಹೇಳಿಟ್ಟಿದ್ದೆ. ಸಿಂಹದ ಮರಿಯ ಅಪ್ಪ ಸಾಯುತ್ತಾನೆ, ಆಗ ಸದ್ದು ತುಂಬಾ ಜೋರು, ಹೆದರಿಕೆ ಆದರೆ ನನ್ನ ಕೈ ಹಿಡ್ಕೋ ಅಂತ. ಹೇಳಿದರೆ ಸ್ವಾರಸ್ಯ ಹೋಗುತ್ತೆ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಕತ್ತಲೆ, ಅಷ್ಟೊಂದು ಜನ, ಆ ಸದ್ದು, ಎಲ್ಲ ಒಟ್ಟಿಗೆ ಬಂದರೆ ಮಗು ಕಣ್ಣು ಮುಚ್ಚಿಬಿಡುತ್ತೆ. ಆಮೇಲೆ ತೆಗೆಸೋದು ಕಷ್ಟ.

ಸುರಂಗ ರೈಲಿನ ಕೋವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಇಳಿದರೆ ಥಿಯೇಟರಿಗೆ ಕೆಲವೇ ನಿಮಿಷದ ನಡಿಗೆ. ಅಲ್ಲಿ ಲಿಫ್ಟಿಗೇ ಕಾಯಿರಿ. ಮೆಟ್ಟಿಲು 193 ಇವೆ, ಅಮ್ಮನ ಮಂಡಿಗೆ ಅದು ಆಗ್ತಿರಲಿಲ್ಲ. ನಾವು ಮುಕ್ಕಾಲು ಗಂಟೆ ಮುಂಚೆ ತಲುಪಿದೆವು. ಇಲ್ಲಿ ತಡವಾಗಿ ಹೋದರೆ ತಪ್ಪಿಹೋಗೋದು ಪ್ರಾಣಿಗಳ ಆ ಮೊದಲ ಮೆರವಣಿಗೆಯೇ.

ಬೇಗ ಹೋಗಿದ್ದರಿಂದ ಕಟ್ಟಡವನ್ನೂ ನಿಧಾನವಾಗಿ ನೋಡಿದೆವು. ಮುಂಬಾಗಿಲ ಎತ್ತರದ ಕಂಬಗಳು 1834ರವು. ಒಳಗಿನ ಕೆಂಪು, ಚಿನ್ನದ ಬಣ್ಣದ ಸಭಾಂಗಣವನ್ನು 1904ರಲ್ಲಿ ಹೊಸದಾಗಿ ಕಟ್ಟಿದ್ದು. ಹತ್ತೊಂಬತ್ತನೇ ಶತಮಾನದ ಹೆಸರಾಂತ ನಟ ಹೆನ್ರಿ ಇರ್ವಿಂಗ್, ನಟಿ ಎಲೆನ್ ಟೆರ್ರಿ ವರ್ಷಗಟ್ಟಲೆ ಜೊತೆಯಾಗಿ ನಟಿಸಿದ್ದು ಇಲ್ಲೇ. ಆಗ ಇಲ್ಲಿ ಮ್ಯಾನೇಜರ್ ಆಗಿದ್ದವರು 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್. 1939ರಲ್ಲಿ ರಸ್ತೆ ಅಗಲ ಮಾಡೋಕೆ ಇದನ್ನು ಕೆಡವಬೇಕು ಅಂತ ಹೊರಟಿದ್ದರು. ಆ ಯೋಜನೆ ನಿಂತುಹೋಯಿತು. ಆಮೇಲೆ ಇದು ಎಷ್ಟೋ ವರ್ಷ ಡಾನ್ಸ್ ಹಾಲ್ ಆಗಿತ್ತು. ಮತ್ತೆ ಪೂರ್ತಿ ಥಿಯೇಟರ್ ಆಗಿದ್ದು 1996ರಲ್ಲಿ. 1999ರಿಂದ ಇಲ್ಲಿ ಇದೇ ಸಿಂಹದ ಕಥೆ. ಅಮ್ಮ ಸುಮ್ನೆ ಚಾವಣಿ ನೋಡುತ್ತಾ ಕೂತಿದ್ದರು. ಆಮೇಲೆ, "ಇದನ್ನ ಕೆಡವೋಕೆ ಮನಸ್ಸಾದ್ರೂ ಹೇಗೆ ಬಂತೋ" ಅಂದರು.

ದೀಪ ಆರಿತು. ಹಿಂದಿನಿಂದ ಆನೆ ಬಂತು. ಒಳಗೆ ನಾಲ್ಕು ಜನ, ಒಂದೊಂದು ಕಾಲಿಗೆ ಒಬ್ಬೊಬ್ಬರು. ಅದರ ಪಕ್ಕೆ ನಮ್ಮ ಸೀಟಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಮಗಳು ಉಸಿರು ಬಿಗಿಹಿಡಿದು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಿದ್ದಳು. ವೇದಿಕೆಯ ಮೇಲೆ ಜಿರಾಫೆ. ಒಬ್ಬ ನಟ ಎರಡು ಕೈಗೂ ಎರಡು ಕಾಲಿಗೂ ಮರಗಾಲು ಕಟ್ಟಿಕೊಂಡು ನಡೆಯುತ್ತಿದ್ದ. ಅವನ ಮುಖವನ್ನು ಮುಚ್ಚಿರಲಿಲ್ಲ, ಅದು ಚೆನ್ನಾಗಿಯೇ ಕಾಣುತ್ತಿತ್ತು.

ನಿರ್ದೇಶಕಿ ಜೂಲಿ ಟೇಮರ್ ಬೇಕೆಂದೇ ಹೀಗೆ ಮಾಡಿದ್ದಾರೆ. ವಯಸ್ಸು ಚಿಕ್ಕದಿದ್ದಾಗ ಅವರು ಇಂಡೋನೇಷ್ಯಾದಲ್ಲಿ ಕೆಲವು ವರ್ಷ ಇದ್ದು, ಗೊಂಬೆ ಮತ್ತು ಮುಖವಾಡದ ಆಟ ಕಲಿತವರು. ಸಿಂಹದ ಮರಿಯ ಅಪ್ಪ ಮುಫಾಸನ ಮುಖವಾಡ ನಟನ ತಲೆಯ ಮೇಲಿರುತ್ತೆ. ಅವನು ಸಿಟ್ಟಿನಿಂದ ಮುಂದಕ್ಕೆ ಬಾಗಿದಾಗ ಅದು ಇಳಿದು ಮುಖದ ಮುಂದೆ ಬರುತ್ತೆ, ಆಗ ಸಿಂಹ. ಸುಮ್ಮನೆ ನಿಂತಾಗ ಮೇಲೆ ಹೋಗುತ್ತೆ, ಆಗ ಅಪ್ಪ. ಇದು ಮೇಲಿನ ಸೀಟಿನಿಂದ ನನಗೆ ಸರಿಯಾಗಿ ಕಂಡೇ ಇರಲಿಲ್ಲ.

ವೇದಿಕೆಯ ಎರಡೂ ಪಕ್ಕ ಗೋಡೆಗೆ ಅಂಟಿದ ಚಿಕ್ಕ ಬಾಲ್ಕನಿಗಳಂಥ ಬಾಕ್ಸ್‌ಗಳಲ್ಲಿ ಡ್ರಮ್ ಬಾರಿಸುವವರು ಎಲ್ಲರಿಗೂ ಕಾಣುವ ಹಾಗೇ ಕೂತಿರುತ್ತಾರೆ. ಅಮ್ಮ ನನ್ನ ಕಡೆ ಬಾಗಿ, "ನೋಡೇ, ನಮ್ಮ ಭಾಗವತರು, ಚೆಂಡೆಯವರ ಹಾಗೇ ಕಾಣೋ ಜಾಗದಲ್ಲೇ ಕೂತಿದ್ದಾರೆ" ಅಂದರು. ಇಂಗ್ಲಿಷ್ ಮಾತು ಅರ್ಥವಾಗದಿದ್ದರೆ ಬೇಜಾರಾಗಬಹುದು ಅಂತ ಅವರ ಬಗ್ಗೆ ನನಗೆ ಭಯ ಇತ್ತು. ಆ ಮಾತು ಕೇಳಿದ ಮೇಲೆ ಹೋಯಿತು.

ಅಪ್ಪ ಸತ್ತ ಮೇಲೆ ಹೆಣ್ಣು ಸಿಂಹಗಳು ಅಳುವ ದೃಶ್ಯ ಇದೆ. ಅವರು ಕಣ್ಣಿನಿಂದ ಬಿಳಿ ಬಟ್ಟೆಯ ಪಟ್ಟಿಗಳನ್ನು ನಿಧಾನವಾಗಿ ಎಳೆಯುತ್ತಾರೆ. ಅದೇ ಕಣ್ಣೀರು. ಬರಗಾಲ ಬಂದಾಗ ವೇದಿಕೆಯ ಮೇಲೆ ಹಾಸಿದ ನೀಲಿ ಬಟ್ಟೆ ಒಂದು ಚಿಕ್ಕ ತೂತಿನೊಳಗೆ ಮೆಲ್ಲಗೆ ಇಳಿದುಹೋಗುತ್ತೆ, ಕೊಳ ಬತ್ತಿತು. ಬಟ್ಟೆ ಅಂತ ಎಲ್ಲರಿಗೂ ಗೊತ್ತು. ಆದರೂ ನನ್ನ ಗಂಟಲು ಕಟ್ಟಿತ್ತು.

ಹಳೇ ಥಿಯೇಟರ್ ಅಂದಮೇಲೆ ಕೆಲವು ಇಕ್ಕಟ್ಟು ಇದ್ದದ್ದೇ. ಸೀಟಿನ ಮುಂದೆ ಕಾಲಿಗೆ ಜಾಗ ಕಡಿಮೆ. ದೊಡ್ಡ ಬ್ಯಾಗ್ ಬೇಡ. ಇಂಟರ್ವಲ್‌ನಲ್ಲಿ ಹೆಂಗಸರ ಟಾಯ್ಲೆಟ್ ಸಾಲು ತುಂಬಾ ಉದ್ದ ಇರುತ್ತೆ, ಮಗುವನ್ನು ನಾಟಕಕ್ಕೆ ಮುಂಚೆಯೇ ಕರೆದುಕೊಂಡು ಹೋಗಿ ಬನ್ನಿ. ಮುಂದಿನವರ ತಲೆ ಅಡ್ಡ ಬಂದರೆ ಮಕ್ಕಳಿಗೆ ಎತ್ತರಿಸುವ ಮೆತ್ತೆ ಕೊಡುತ್ತಾರೆ, ಸಿಬ್ಬಂದಿಯನ್ನು ಕೇಳಿ. ದುಡ್ಡು ಉಳಿಸಲೇಬೇಕು ಅಂದರೆ ಮೇಲೆ ಕೂರಿ, ಕುಣಿತದ ವಿನ್ಯಾಸ ಅಲ್ಲಿಂದ ಚೆಂದ ಕಾಣುತ್ತೆ. ಆದರೆ ಮಗುವಿಗೆ ಇದು ಮೊದಲ ನಾಟಕ ಆಗಿದ್ದರೆ, ಎರಡು ತಿಂಗಳು ತಡವಾದರೂ ಪರವಾಗಿಲ್ಲ, ದಾರಿ ಪಕ್ಕದ ಸೀಟಿಗೇ ಕಾಯಿರಿ.

ವಾಪಸ್ ಬರುವಾಗ ರೈಲಿನಲ್ಲಿ ಮಗಳು ಜಡೆಯ ರಿಬ್ಬನ್ ಬಿಚ್ಚಿದಳು. ಅದರ ಒಂದು ತುದಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಇನ್ನೊಂದನ್ನು ನಿಧಾನವಾಗಿ ಕೆಳಕ್ಕೆ ಎಳೆದಳು. "ಅಜ್ಜಿ, ನೋಡು, ನಾನು ಅಳ್ತಾ ಇದೀನಿ." ಅಮ್ಮ ತಮ್ಮ ಸೆರಗಿನ ತುದಿ ಎತ್ತಿ ಆ ರಿಬ್ಬನ್ ಒರೆಸಿದರು.